ಲಿನಕ್ಸ್‌ನಲ್ಲಿ ಬರೆದ ಟೂಲ್ ವಿಂಡೋಸ್‌ನಲ್ಲೂ ಓಡಬೇಕು: ಫೈಲ್ ಹೆಸರುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಾಲೇಜು ಲ್ಯಾಬುಗಳಲ್ಲಿ ಉಬುಂಟು ಇರುತ್ತದೆ; ಅಲ್ಲಿ ಬರೆದ ಪ್ರೋಗ್ರಾಂ ಕೊನೆಗೆ ಕೆಲಸ ಮಾಡಬೇಕಾದದ್ದು ಮಂಡಿಯಲ್ಲೋ ಅಡಿಕೆ ಅಂಗಡಿಯಲ್ಲೋ ಇರುವ ವಿಂಡೋಸ್ ಕಂಪ್ಯೂಟರಿನಲ್ಲಿ. ಲೆಕ್ಕ ಸರಿ ಇದ್ದರೂ ಫೈಲ್ ಹೆಸರಿನ ಹತ್ತಿರ ಎಲ್ಲ ನಿಂತುಬಿಡುತ್ತದೆ. ಇಲ್ಲಿನ ಉದಾಹರಣೆಗಳೆಲ್ಲ ಒಂದೇ ಟೂಲಿನವು: ಮೆಕ್ಕೆಜೋಳ, ಶೇಂಗಾ, ಅಡಿಕೆಯ ದಿನದ ದರವಿರುವ ಒಂದು ಸಿಎಸ್‌ವಿ ಪಟ್ಟಿಯನ್ನು ಓದಿ, ತಾಲ್ಲೂಕಿಗೊಂದು ಫೈಲ್ ಬರೆಯುವ ಪೈಥಾನ್ ಪ್ರೋಗ್ರಾಂ.

## ಮೊದಲ ಹೆಜ್ಜೆಗಳು

ಉಬುಂಟುನಲ್ಲಿ ಚೆನ್ನಾಗಿ ಓಡುತ್ತೆ ಸರ್, ವಿಂಡೋಸ್‌ಗೆ ಹಾಕಿದ್ರೆ ಫೈಲೇ ಸಿಗಲ್ಲ ಅನ್ನುತ್ತೆ. ಯಾಕೆ?

ಹೆಸರಿನ ವಿಷಯದಲ್ಲಿ ಎರಡರ ನಿಯಮಗಳು ಬೇರೆ ಬೇರೆ. ಲಿನಕ್ಸ್ ಕರ್ನಲ್‌ಗೆ ಫೈಲ್ ಹೆಸರೆಂದರೆ ಬರೀ ಬೈಟುಗಳ ಸಾಲು; ಸ್ಲಾಶ್ ಮತ್ತು ಸೊನ್ನೆ ಬೈಟ್, ಈ ಎರಡನ್ನು ಬಿಟ್ಟು ಏನು ಬಂದರೂ ಅದು ಒಪ್ಪುತ್ತದೆ. ವಿಂಡೋಸ್ ಹೆಸರನ್ನು ಯುಟಿಎಫ್-16 ಎಂಬ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಇಡುತ್ತದೆ, ಕೆಲವು ಚಿಹ್ನೆಗಳನ್ನು ಒಪ್ಪುವುದಿಲ್ಲ, ಕೆಲವು ಹೆಸರುಗಳನ್ನು ತನಗೇ ಕಾಯ್ದಿರಿಸಿಕೊಂಡಿದೆ, ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳಲ್ಲಿ ಭೇದ ಮಾಡುವುದಿಲ್ಲ. ನಿಮ್ಮ ಪ್ರೋಗ್ರಾಂ ಗೊತ್ತಿಲ್ಲದೆಯೇ ಲಿನಕ್ಸ್ ನಿಯಮಗಳನ್ನು ನೆಚ್ಚಿಕೊಂಡಿದೆ.

ಮೊದಲು ಮಾಡಬೇಕಾದ ಕೆಲಸ ಒಂದೇ. ಹೆಸರು ಕಟ್ಟುವ ಕೆಲಸವನ್ನೆಲ್ಲ ಒಂದು ಫಂಕ್ಷನ್ನಿಗೆ ತನ್ನಿ. ಪ್ರೋಗ್ರಾಮಿನ ಹತ್ತು ಕಡೆ ಕೂಡು ಚಿಹ್ನೆ ಹಾಕಿ ಹೆಸರು ಜೋಡಿಸಿದ್ದರೆ ಮುಂದಿನ ಯಾವ ಪರಿಹಾರವೂ ಪೂರ್ತಿ ಆಗುವುದಿಲ್ಲ. ಒಂಬತ್ತು ಕಡೆ ಸರಿಮಾಡಿ ಹತ್ತನೆಯದರಲ್ಲಿ ಸಿಕ್ಕಿಬೀಳುತ್ತೀರಿ.

ಯಾವ್ಯಾವ ಚಿಹ್ನೆ ಹಾಕಬಾರದು, ಒಂದು ಪಟ್ಟಿ ಕೊಡಿ.

ಒಂಬತ್ತು: < > : " / \ | ? * ಇವುಗಳ ಜೊತೆಗೆ 1ರಿಂದ 31ರವರೆಗಿನ ಕಂಟ್ರೋಲ್ ಅಕ್ಷರಗಳು. ಹೆಸರಿನ ಕೊನೆಯಲ್ಲಿ ಚುಕ್ಕಿ ಅಥವಾ ಖಾಲಿ ಜಾಗ ಇದ್ದರೆ ವಿಂಡೋಸ್ ಸದ್ದಿಲ್ಲದೆ ತೆಗೆದುಹಾಕುತ್ತದೆ; ಆಮೇಲೆ ನೀವು ಬರೆದ ಹೆಸರಿಗೂ ಡಿಸ್ಕ್‌ನಲ್ಲಿರುವ ಹೆಸರಿಗೂ ತಾಳೆಯಾಗುವುದಿಲ್ಲ. ‘ಹರಿಹರ ತಾ.’ ಎಂದು ಕೊನೆಯಲ್ಲಿ ಚುಕ್ಕಿ ಇಟ್ಟು ಫೋಲ್ಡರ್ ಮಾಡಿದರೆ ಆಗುವುದು ಇದೇ.

ನಮ್ಮಲ್ಲಿ ಹೆಚ್ಚು ತೊಂದರೆ ಕೊಡುವುದು ದಿನಾಂಕ. 12/06/2024 ಎಂಬುದನ್ನು ಹಾಗೇ ಹೆಸರಿಗೆ ಸೇರಿಸಿದರೆ ಎರಡೂ ವ್ಯವಸ್ಥೆಗಳು ಅದನ್ನು ಫೋಲ್ಡರಿನೊಳಗೆ ಫೋಲ್ಡರ್ ಎಂದು ಓದುತ್ತವೆ. 2024-06-12 ಎಂದು ಬರೆಯಿರಿ. ಹೆಸರಿನ ಪ್ರಕಾರ ಜೋಡಿಸಿದಾಗ ದಿನಗಳೂ ತಾವಾಗಿಯೇ ಕ್ರಮದಲ್ಲಿ ಬರುತ್ತವೆ.

ಸ್ಲಾಶ್ ಯಾವ ಕಡೆ ವಾಲಬೇಕು? ಎಲ್ಲ ಕಡೆ ಬ್ಯಾಕ್‌ಸ್ಲಾಶ್ ಮಾಡಿಬಿಡ್ಲಾ?

ಬೇಡ. ವಿಂಡೋಸ್‌ನ ಫೈಲ್ ಫಂಕ್ಷನ್‌ಗಳು ಮುಂದಕ್ಕೆ ವಾಲಿದ ಸ್ಲಾಶನ್ನೂ ಒಪ್ಪುತ್ತವೆ. 1983ರ ಡಾಸ್ 2.0ರಲ್ಲಿ ಫೋಲ್ಡರ್‌ಗಳು ಬಂದಾಗ ‘/’ ಆಗಲೇ ಕಮಾಂಡ್‌ಗಳ ಆಯ್ಕೆಗಳಿಗೆ ಬಳಕೆಯಲ್ಲಿತ್ತು, ಹಾಗಾಗಿ ‘\’ ಬಂತು. ಕಮಾಂಡ್ ಪ್ರಾಂಪ್ಟಿನ ಹಳೆಯ ಕಮಾಂಡ್‌ಗಳು ಇಂದಿಗೂ ‘/’ ಕಂಡರೆ ಆಯ್ಕೆ ಎಂದೇ ತಿಳಿಯುವುದು ಇದಕ್ಕೇ.

ಬ್ಯಾಕ್‌ಸ್ಲಾಶನ್ನು ಕೈಯಿಂದ ಬರೆದರೆ ಇನ್ನೊಂದು ಕಂಟಕ: ಸ್ಟ್ರಿಂಗ್ ಒಳಗೆ ಅದರ ಪಕ್ಕ ‘ಎನ್’ ಬಂದರೆ ಹೊಸ ಸಾಲು, ‘ಟಿ’ ಬಂದರೆ ಟ್ಯಾಬ್. ಪೈಥಾನ್‌ನಲ್ಲಿ ಸಿ ಡ್ರೈವಿನ ‘ಯೂಸರ್ಸ್’ ಫೋಲ್ಡರಿನ ದಾರಿ (ಪಾತ್) ಬರೆದರೆ ಪ್ರೋಗ್ರಾಂ ಶುರುವಾಗುವುದೇ ಇಲ್ಲ, ಏಕೆಂದರೆ ಬ್ಯಾಕ್‌ಸ್ಲಾಶ್ ಮತ್ತು ದೊಡ್ಡ ‘ಯು’ ಸೇರಿದರೆ ಅದು ಯೂನಿಕೋಡ್ ಸಂಕೇತದ ಆರಂಭ. ದಾರಿಗಳಿಗೆಂದೇ ಪೈಥಾನ್‌ನಲ್ಲಿರುವ ಪಾತ್‌ಲಿಬ್ ಮಾಡ್ಯೂಲ್ ಬಳಸಿ, ತುಣುಕುಗಳನ್ನು ಜೋಡಿಸುವ ಕೆಲಸ ಅದಕ್ಕೇ ಬಿಡಿ.

ದಾರಿ ‘/’ನಿಂದ ಶುರುವಾದರೆ ಪೂರ್ಣ ದಾರಿ ಎಂದು ನಿರ್ಧರಿಸುವ ಸಾಲು ನಿಮ್ಮ ಕೋಡಿನಲ್ಲಿದ್ದರೆ ಅದನ್ನೂ ತೆಗೆಯಿರಿ. ವಿಂಡೋಸ್‌ನ ಪೂರ್ಣ ದಾರಿ ಶುರುವಾಗುವುದು ಡ್ರೈವ್ ಅಕ್ಷರ ಮತ್ತು ಕೋಲನ್‌ನಿಂದ, ಅಥವಾ ನೆಟ್‌ವರ್ಕ್ ಫೋಲ್ಡರಾದರೆ ಎರಡು ಬ್ಯಾಕ್‌ಸ್ಲಾಶ್‌ಗಳಿಂದ. ಹಲವು ದಾರಿಗಳನ್ನು ಒಂದೇ ಸಾಲಿನಲ್ಲಿ ಕೊಡುವಾಗ ಲಿನಕ್ಸ್ ಕೋಲನ್ ಬಳಸಿದರೆ ವಿಂಡೋಸ್ ಸೆಮಿಕೋಲನ್ ಬಳಸುತ್ತದೆ. ಕೋಲನ್‌ನಲ್ಲಿ ಒಡೆದರೆ ಡ್ರೈವ್ ಅಕ್ಷರವೇ ಬೇರೆಯಾಗಿ ಬಿದ್ದುಹೋಗುತ್ತದೆ.

ಕನ್ನಡದಲ್ಲಿ ಫೈಲ್ ಹೆಸರು ಇಟ್ಟಿದ್ದೇ ತಪ್ಪಾ? ಇಂಗ್ಲಿಷ್ ಮಾಡಿಬಿಡಿ ಅಂತಾರೆ ಎಲ್ಲರೂ.

ತಪ್ಪಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್, ಲಿನಕ್ಸ್‌ನ ಎಕ್ಸ್ಟ್4, ಮ್ಯಾಕ್‌ನ ಎಪಿಎಫ್‌ಎಸ್, ಪೆನ್‌ಡ್ರೈವಿನ ಎಕ್ಸ್‌ಫ್ಯಾಟ್ ಎಲ್ಲವೂ ಕನ್ನಡ ಹೆಸರನ್ನು ಇಟ್ಟುಕೊಳ್ಳುತ್ತವೆ. ಕನ್ನಡ ಹೆಸರು ಕೆಡುವುದು ನಡುವೆ ಇರುವ ಟೂಲ್ ಎನ್‌ಕೋಡಿಂಗ್ ಹೇಳದೆ ಓದಿದಾಗ ಅಥವಾ ಬರೆದಾಗ. ಅಂಗಡಿಯಲ್ಲಿ ಫೈಲ್ ಹುಡುಕುವವರು ‘ಮೆಕ್ಕೆಜೋಳ’ ಎಂದೇ ಹುಡುಕುತ್ತಾರೆ. ಅವರ ಅನುಕೂಲವನ್ನು ಕಿತ್ತುಕೊಂಡು ನಮ್ಮ ಕೋಡಿನ ಕೊರತೆ ಮುಚ್ಚುವುದು ಸರಿಯಲ್ಲ, ಟೂಲನ್ನೇ ಸರಿಮಾಡಬೇಕು. ಮೇಲಾಗಿ ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರ ಇಲ್ಲದ್ದರಿಂದ ಇಂಗ್ಲಿಷ್ ಹೆಸರುಗಳಿಗಿರುವ ಒಂದು ದೊಡ್ಡ ಕಾಟ ಇದಕ್ಕಿಲ್ಲ.

ಗಿಟ್‌ನಲ್ಲಿ ಕನ್ನಡ ಹೆಸರಿನ ಬದಲು \340\262\246 ಎಂಬಂಥ ಅಂಕಿಗಳು ಕಂಡರೆ ಗಾಬರಿ ಬೇಡ. ಅದು ‘ದ’ ಅಕ್ಷರದ ಮೂರು ಬೈಟ್‌ಗಳು, ತೋರಿಸುವ ರೀತಿಯಷ್ಟೇ ಬೇರೆ. ‘ಕೋರ್.ಕೋಟ್‌ಪಾತ್’ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿದರೆ ಹೆಸರು ಕನ್ನಡದಲ್ಲೇ ಕಾಣುತ್ತದೆ.

ಪಟ್ಟಿಯಲ್ಲಿ ದಾವಣಗೆರೆ, ಹರಿಹರ ಇದ್ದಾಗ ಎರರ್ ಇಲ್ಲ. ಚಿತ್ರದುರ್ಗ ಬಂದ ಕೂಡಲೇ ಪ್ರೋಗ್ರಾಂ ಬೀಳುತ್ತೆ. ಇದೆಂಥ ವಿಚಿತ್ರ?

ಇದಕ್ಕೆ ಖಚಿತವಾದ ಕಾರಣವಿದೆ. ಪಟ್ಟಿ ಇರುವುದು ಯುಟಿಎಫ್-8ರಲ್ಲಿ. ಎನ್‌ಕೋಡಿಂಗ್ ಹೇಳದೆ ‘ಓಪನ್’ ಮಾಡಿದರೆ ವಿಂಡೋಸ್‌ನಲ್ಲಿ ಪೈಥಾನ್ ಆ ಯಂತ್ರದ ಕೋಡ್ ಪೇಜನ್ನು (ಯಾವ ಬೈಟ್‌ಗೆ ಯಾವ ಅಕ್ಷರ ಎಂದು ಹೇಳುವ ಹಳೆಯ ಕೋಷ್ಟಕ) ಹಿಡಿಯುತ್ತದೆ. ಇಂಗ್ಲಿಷ್ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ 1252. ಆ ಕೋಷ್ಟಕದಲ್ಲಿ 129, 141, 143, 144, 157 ಎಂಬ ಐದು ಬೈಟ್‌ಗಳಿಗೆ ಯಾವ ಅಕ್ಷರವೂ ಇಲ್ಲ. ಕನ್ನಡದ ಪ್ರತಿ ಸಂಕೇತವೂ (ಅಕ್ಷರ, ಸ್ವರಚಿಹ್ನೆ, ಹಲಂತ ಹೀಗೆ ಯೂನಿಕೋಡ್ ಬೇರೆ ಬೇರೆ ಸಂಖ್ಯೆ ಕೊಟ್ಟಿರುವ ಒಂದೊಂದು ತುಣುಕು) ಯುಟಿಎಫ್-8ರಲ್ಲಿ ಮೂರು ಬೈಟ್. ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆಯ (್) ಮೂರನೆಯ ಬೈಟ್ 141. ಕೊಂಬಿನ (ು) ಮೂರನೆಯ ಬೈಟ್ 129. ಏ, ಐ, ಝ ಅಕ್ಷರಗಳದ್ದು ಕ್ರಮವಾಗಿ 143, 144, 157.

ಹಾಗಾಗಿ ಒತ್ತಕ್ಷರ ಅಥವಾ ಉಕಾರ ಇರುವ ಹೆಸರು ಬಂದ ಕೂಡಲೇ ಓದುವಿಕೆ ನಿಲ್ಲುತ್ತದೆ. ಚಿತ್ರದುರ್ಗದಲ್ಲಿ ಎರಡೂ ಇವೆ. ಎರಡು ಜಿಲ್ಲೆಗಳ 12 ತಾಲ್ಲೂಕುಗಳಲ್ಲಿ ಎರರ್ ಇಲ್ಲದೆ ದಾಟುವುದು ದಾವಣಗೆರೆ, ಹರಿಹರ ಎರಡೇ. ನಿಜವಾದ ಅಪಾಯ ಇರುವುದು ಈ ಎರಡರಲ್ಲೇ: ಎಂಟು ಸಂಕೇತಗಳ ‘ದಾವಣಗೆರೆ’ 24 ಲ್ಯಾಟಿನ್ ಅಕ್ಷರ, ಚಿಹ್ನೆಗಳ ಗೋಜಲಾಗಿ, ಆ ಗೋಜಲೇ ಫೈಲ್ ಹೆಸರಾಗಿ ಕೂತಿರುತ್ತದೆ. ಹರಿಹರದ ಪಟ್ಟಿ ಮಾತ್ರ ಹಾಕಿ ಪರೀಕ್ಷಿಸಿದವರಿಗೆ ‘ಓಡುತ್ತಿದೆ’ ಎಂದೇ ಅನ್ನಿಸುತ್ತದೆ.

ಪರಿಹಾರ: ಫೈಲ್ ತೆರೆಯುವ ಪ್ರತಿ ಸಾಲಿನಲ್ಲೂ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ. ಪೈಥಾನ್ 3.7ರಿಂದ ಯುಟಿಎಫ್-8 ಮೋಡ್ ಇದೆ, ಆದರೆ ಅದನ್ನು ಬಳಸುವವರ ಯಂತ್ರದಲ್ಲಿ ಆನ್ ಮಾಡಿಸಬೇಕು. ಕೋಡಿನಲ್ಲೇ ಬರೆದರೆ ಯಾರನ್ನೂ ಕೇಳಬೇಕಿಲ್ಲ. ಪಟ್ಟಿ ಎಕ್ಸೆಲ್‌ನಿಂದ ‘ಸಿಎಸ್‌ವಿ ಯುಟಿಎಫ್-8’ ಎಂದು ಸೇವ್ ಆಗಿ ಬಂದಿದ್ದರೆ ಮೊದಲ ಮೂರು ಬೈಟ್‌ಗಳಲ್ಲಿ ಕಾಣದ ಗುರುತೊಂದು ಇರುತ್ತದೆ. ಅದು ಮೊದಲ ಹೆಸರಿಗೆ ಅಂಟಿಕೊಳ್ಳದಿರಲು ಪೈಥಾನ್‌ನ ‘ಯುಟಿಎಫ್-8-ಸಿಗ್’ ಬಳಸಿ.

## ಕೆಲಸ ಶುರುವಾದ ಮೇಲೆ ಬರುವವು

10:30ರ ದರ ಅಂತ ಹೆಸರು ಕೊಟ್ಟೆ. ಎರರ್ ಬರಲಿಲ್ಲ, ಆದ್ರೆ ಫೈಲ್ ಸೈಜ್ ಸೊನ್ನೆ. ಡೇಟಾ ಎಲ್ಲಿ ಹೋಯ್ತು?

ಡೇಟಾ ಅಲ್ಲೇ ಇದೆ, ಬೇರೆ ಜಾಗದಲ್ಲಿ. ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿನ ನಡುವಿನ ಕೋಲನ್‌ಗೆ ವಿಶೇಷ ಅರ್ಥವಿದೆ: ಅದರ ಎಡಕ್ಕಿರುವುದು ಫೈಲ್, ಬಲಕ್ಕಿರುವುದು ಆ ಫೈಲಿನೊಳಗಿನ ಇನ್ನೊಂದು ಸ್ಟ್ರೀಮ್. ‘ದರ 10:30’ ಎಂದು ಬರೆದರೆ ‘ದರ 10’ ಎಂಬ ಖಾಲಿ ಫೈಲ್ ಹುಟ್ಟುತ್ತದೆ, ಅಂಕಿಗಳು ‘30’ ಎಂಬ ಸ್ಟ್ರೀಮ್‌ನಲ್ಲಿ ಕೂರುತ್ತವೆ. ಎಕ್ಸ್‌ಪ್ಲೋರರ್ ಅದನ್ನು ತೋರಿಸುವುದಿಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ‘ಡಿರ್’ ಜೊತೆ /ಆರ್ ಆಯ್ಕೆ ಕೊಟ್ಟರೆ ಕಾಣುತ್ತದೆ. ಆ ಫೈಲನ್ನು ಎಕ್ಸ್‌ಫ್ಯಾಟ್ ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಸ್ಟ್ರೀಮ್ ಕಳೆದೇಹೋಗುತ್ತದೆ. ಮೊದಲು ಅದನ್ನು ಹೊರತೆಗೆದು ಬೇರೆ ಫೈಲಿಗೆ ಬರೆದುಕೊಳ್ಳಿ. ಸಮಯವನ್ನು 10-30 ಅಥವಾ 1030 ಎಂದು ಬರೆಯಿರಿ.

‘ಕಾನ್’ ಅಂತ ಫೋಲ್ಡರ್ ಮಾಡೋಕೆ ಬಿಡ್ತಿಲ್ಲ. ಮೂರೇ ಅಕ್ಷರ, ಏನು ತಪ್ಪು?

ಸಿ-ಒ-ಎನ್ ಎಂಬುದು ಡಾಸ್ ಕಾಲದಿಂದ ಕನ್ಸೋಲಿನ ಹೆಸರು. ಹಾಗೆಯೇ ಪಿ-ಆರ್-ಎನ್, ಎ-ಯು-ಎಕ್ಸ್, ಎನ್-ಯು-ಎಲ್, ಸಿ-ಒ-ಎಂ ಮುಂದೆ 1ರಿಂದ 9, ಎಲ್-ಪಿ-ಟಿ ಮುಂದೆ 1ರಿಂದ 9. ದೊಡ್ಡಕ್ಷರವಾದರೂ ಸಣ್ಣಕ್ಷರವಾದರೂ ಇವು ಸಾಧನಗಳ ಹೆಸರೇ. ಕೊನೆಗೆ ‘ಡಾಟ್ ಟಿಎಕ್ಸ್‌ಟಿ’ ಸೇರಿಸಿದರೂ ವಿಂಡೋಸ್ 10ರಲ್ಲಿ ತಪ್ಪಿಸಿಕೊಳ್ಳಲಾಗದು. ವಿಂಡೋಸ್ 11ರಲ್ಲಿ ಈ ಕಟ್ಟು ಸಡಿಲವಾಗಿದ್ದರೂ ಅದನ್ನು ನಂಬಿ ಟೂಲ್ ಬರೆಯಬೇಡಿ. ‘ಕನ್ಸ್ಯೂಮರ್’ ಎಂಬುದನ್ನು ಮೂರಕ್ಷರಕ್ಕೆ ಇಳಿಸಿದಾಗ, ‘ಆಕ್ಸಿಲರಿ’ ಮಾಡ್ಯೂಲಿಗೆ ಹೆಸರಿಟ್ಟಾಗ ಇದು ಬರುತ್ತದೆ. ಲಿನಕ್ಸ್ ಕರ್ನಲಿನ ಸೋರ್ಸ್‌ನಲ್ಲೇ ‘ಆಕ್ಸ್ ಡಾಟ್ ಸಿ’ ಎಂಬ ಫೈಲ್ ಇದೆ. ಮೊದಲ ಚುಕ್ಕಿಯ ಹಿಂದಿನ ಭಾಗವನ್ನು ತೆಗೆದು ಈ ಪಟ್ಟಿಗೆ ಹೋಲಿಸಿ, ಹೊಂದಿದರೆ ಅದರ ಮುಂದೆ ಒಂದು ಅಂಡರ್‌ಸ್ಕೋರ್ ಸೇರಿಸಿ. ಪೈಥಾನ್ 3.13ರಿಂದ ‘ಓಎಸ್.ಪಾತ್’ನಲ್ಲಿ ‘ಈಸ್‌ರಿಸರ್ವ್ಡ್’ ಫಂಕ್ಷನ್ ಇದೆ, ಅದು ವಿಂಡೋಸ್‌ನಲ್ಲಿ ಮಾತ್ರ ಸಿಗುತ್ತದೆ.

ರೆಪೊಸಿಟರಿಯಲ್ಲಿ ಎರಡು ಫೈಲ್ ಇತ್ತು, ವಿಂಡೋಸ್‌ನಲ್ಲಿ ಕ್ಲೋನ್ ಮಾಡಿದ್ರೆ ಒಂದೇ ಇದೆ.

ಎರಡರ ಇಂಗ್ಲಿಷ್ ಹೆಸರು ಒಂದೇ, ದೊಡ್ಡಕ್ಷರ ಸಣ್ಣಕ್ಷರ ಮಾತ್ರ ಬೇರೆ. ಎನ್‌ಟಿಎಫ್‌ಎಸ್ ಬರೆದ ರೂಪವನ್ನು ಉಳಿಸಿಕೊಳ್ಳುತ್ತದೆ, ಆದರೆ ಹುಡುಕುವಾಗ ಭೇದ ಮಾಡುವುದಿಲ್ಲ. ಎರಡನೆಯದು ಮೊದಲನೆಯದರ ಮೇಲೆ ಕೂರುತ್ತದೆ. ವಿಂಡೋಸ್ 10ರಲ್ಲಿ ಒಂದೊಂದು ಫೋಲ್ಡರಿಗೆ ಭೇದ ಆನ್ ಮಾಡುವ ಸೌಲಭ್ಯವಿದೆ, ಆದರೆ ಬಳಸುವವರ ಯಂತ್ರದಲ್ಲಿ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಲಿನಕ್ಸ್ ಯಂತ್ರದಲ್ಲಿ ‘ಗಿಟ್ ಎಂವಿ’ಯಿಂದ ಒಂದರ ಹೆಸರು ಬದಲಿಸಿ. ಟೂಲ್ ತಾನೇ ಹೆಸರು ಹುಟ್ಟಿಸುವುದಾದರೆ, ಹುಟ್ಟಿಸಿದ ಹೆಸರುಗಳನ್ನೆಲ್ಲ ಸಣ್ಣಕ್ಷರ ಮಾಡಿ ಒಂದು ಸೆಟ್‌ನಲ್ಲಿ ಇಟ್ಟು, ಬರೆಯುವ ಮೊದಲೇ ಡಿಕ್ಕಿ ನೋಡಿ.

ನಕ್ಷತ್ರ ಹಾಕಿ ಎಲ್ಲ ಫೈಲ್ ಕೊಟ್ರೆ ನಕ್ಷತ್ರವನ್ನೇ ಫೈಲ್ ಹೆಸರು ಅಂದ್ಕೊಳ್ಳುತ್ತೆ.

ಲಿನಕ್ಸ್‌ನಲ್ಲಿ ‘*’ ಅನ್ನು ಫೈಲ್ ಹೆಸರುಗಳಾಗಿ ಬಿಡಿಸುವುದು ಶೆಲ್, ಅಂದರೆ ನೀವು ಟೈಪ್ ಮಾಡಿದ ಕಮಾಂಡನ್ನು ಓದಿ ಓಡಿಸುವ ಪ್ರೋಗ್ರಾಂ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಆ ಕೆಲಸ ಮಾಡುವುದಿಲ್ಲ, ನಕ್ಷತ್ರ ಹಾಗೇ ನಿಮ್ಮ ಪ್ರೋಗ್ರಾಮಿಗೆ ಬರುತ್ತದೆ. ಬಂದ ಆರ್ಗ್ಯುಮೆಂಟಿನಲ್ಲಿ ‘*’ ಅಥವಾ ‘?’ ಇದ್ದರೆ ಪೈಥಾನ್‌ನ ‘ಗ್ಲಾಬ್’ನಿಂದ ನೀವೇ ಬಿಡಿಸಿ. ಅಲ್ಲಿ ಒಂಟಿ ಉದ್ಧರಣ ಚಿಹ್ನೆಗೂ ಬೆಲೆಯಿಲ್ಲ. ಖಾಲಿ ಜಾಗ ಇರುವ ಹೆಸರನ್ನು ಜೋಡಿ ಉದ್ಧರಣದಲ್ಲೇ ಕೊಡಬೇಕು.

ಫೋಲ್ಡರ್ ಒಳಗೆ ಫೋಲ್ಡರ್ ಹೋದ ಹಾಗೆ ಒಂದು ಹಂತದಲ್ಲಿ ಬರೆಯೋಕೇ ಆಗಲ್ಲ. ಮಿತಿ ಎಷ್ಟು?

ಡ್ರೈವ್ ಅಕ್ಷರದಿಂದ ಕೊನೆಯ ಸೊನ್ನೆಯವರೆಗೆ ಒಟ್ಟು 260, ಅಂದರೆ ನಿಮ್ಮ ಕೈಗೆ ಸಿಗುವುದು 259. ಫೋಲ್ಡರ್ ಹುಟ್ಟಿಸುವಾಗ ಮಿತಿ ಇನ್ನೂ ಕಡಿಮೆ, 248. ವಿಂಡೋಸ್ 10ರ 1607 ಆವೃತ್ತಿಯಿಂದ ಇದನ್ನು ದಾಟಬಹುದು. ಅದಕ್ಕೆ ರಿಜಿಸ್ಟ್ರಿಯಲ್ಲಿ ಉದ್ದ ದಾರಿಯ ಸೆಟ್ಟಿಂಗ್ ಆನ್ ಇರಬೇಕು, ಪ್ರೋಗ್ರಾಮಿನ ಮ್ಯಾನಿಫೆಸ್ಟ್ (ಪ್ರೋಗ್ರಾಮಿಗೆ ಏನೇನು ಬೇಕೆಂದು ವಿಂಡೋಸ್‌ಗೆ ಹೇಳುವ ವಿವರ) ಕೂಡ ಅದನ್ನು ಒಪ್ಪಿರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಹಳೆಯ ಮಿತಿಯೇ. ದಾರಿಯ ಮುಂದೆ \\?\ ಸೇರಿಸಿದರೆ ಸುಮಾರು 32,767ರವರೆಗೆ ಹೋಗಬಹುದು, ಆದರೆ ಆಗ ವಿಂಡೋಸ್ ಏನನ್ನೂ ತಿದ್ದುವುದಿಲ್ಲ: ದಾರಿ ಪೂರ್ಣವಾಗಿರಬೇಕು, ಎಲ್ಲ ಸ್ಲಾಶ್‌ಗಳೂ ‘\’ ಆಗಿರಬೇಕು. ಜಿಲ್ಲೆ, ತಾಲ್ಲೂಕು, ಹೋಬಳಿ, ಬೆಳೆ, ವರ್ಷ ಎಂದು ಐದು ಮಟ್ಟ ಇಳಿಯುವ ಬದಲು ಎರಡು ಮಟ್ಟದಲ್ಲಿ ಮುಗಿಸಿದರೆ ಇದರ ಗೊಡವೆಯೇ ಇರುವುದಿಲ್ಲ.

ಹಳೇ ಫೈಲ್ ಮೇಲೆ ಹೊಸದನ್ನ ರೀನೇಮ್ ಮಾಡಿದ್ರೆ ವಿಂಡೋಸ್‌ನಲ್ಲಿ ಎರರ್.

‘ಓಎಸ್.ರೀನೇಮ್’ ಬದಲು ‘ಓಎಸ್.ರಿಪ್ಲೇಸ್’ ಬಳಸಿ. ಆಗಲೂ ಹೆಸರು ಬದಲಾಗದಿದ್ದರೆ ಫೈಲ್ ಎಲ್ಲೋ ತೆರೆದಿದೆ, ಬಹುತೇಕ ಎಕ್ಸೆಲ್‌ನಲ್ಲಿ. ತೆರೆದ ಫೈಲಿನ ಹೆಸರು ಬದಲಿಸಲು ಲಿನಕ್ಸ್ ಬಿಡುತ್ತದೆ, ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ. ‘ಎಕ್ಸೆಲ್ ಮುಚ್ಚಿ ಮತ್ತೆ ಪ್ರಯತ್ನಿಸಿ’ ಎಂಬ ಸಂದೇಶವನ್ನು ಕನ್ನಡದಲ್ಲೇ ತೋರಿಸಿ.

## ಆಳಕ್ಕೆ ಇಳಿದವರಿಗೆ

ಒಂದೇ ಫೋಲ್ಡರ್‌ನಲ್ಲಿ ‘ಹೊಸದುರ್ಗ’ ಅಂತ ಎರಡು ಫೈಲ್ ಇದೆ. ಕಣ್ಣಿಗೆ ಒಂದೇ ಥರ. ಹೇಗೆ ಸಾಧ್ಯ?

ಯೂನಿಕೋಡ್‌ನಲ್ಲಿ ‘ೊ’ ಅನ್ನು ಒಂದು ಸಂಕೇತವಾಗಿ ಬರೆಯಬಹುದು. ‘ೆ’ ಮತ್ತು ‘ೂ’ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಹೀಗೆ ಬಿಡಿಯಾಗುವ ಕನ್ನಡ ಸ್ವರಚಿಹ್ನೆಗಳು ಐದು: ೀ, ೇ, ೈ, ೊ, ೋ. ಕೊನೆಯದು ಮೂರು ಸಂಕೇತಗಳಾಗಿ ಒಡೆಯುತ್ತದೆ. ಹಾಗಾಗಿ ‘ಹೊಸದುರ್ಗ’ ಕೂಡಿದ ರೂಪದಲ್ಲಿ 8 ಸಂಕೇತ, ಬಿಡಿಸಿದ ರೂಪದಲ್ಲಿ 9. ಎನ್‌ಟಿಎಫ್‌ಎಸ್‌ಗೂ ಎಕ್ಸ್ಟ್4ಗೂ ಇವು ಎರಡು ಬೇರೆ ಹೆಸರು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಅಲ್ಲಿಂದ ಬಂದ ಫೈಲ್‌ಗಳಲ್ಲಿ ಇದು ಹೆಚ್ಚು.

ನಮ್ಮ 12 ತಾಲ್ಲೂಕುಗಳಲ್ಲಿ ಹೊನ್ನಾಳಿ, ಹೊಸದುರ್ಗ, ಹೊಳಲ್ಕೆರೆ, ಮೊಳಕಾಲ್ಮೂರು, ಈ ನಾಲ್ಕಕ್ಕೆ ಇದು ತಗಲುತ್ತದೆ. ಬೆಳೆಗಳಲ್ಲಿ ಶೇಂಗಾಕ್ಕೆ, ಮೆಕ್ಕೆಜೋಳಕ್ಕೆ. ಹೆಸರು ಟೂಲಿನ ಒಳಗೆ ಬಂದ ಕ್ಷಣವೇ ಪೈಥಾನ್‌ನ ‘ಯೂನಿಕೋಡ್‌ಡೇಟಾ.ನಾರ್ಮಲೈಸ್’ನಿಂದ ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತನ್ನಿ. ಹುಡುಕುವಾಗ ಮಾತ್ರ ಒಂದು ಎಚ್ಚರ: ಡಿಸ್ಕ್‌ನಲ್ಲಿ ಈಗಾಗಲೇ ಬಿಡಿಸಿದ ರೂಪ ಇದ್ದರೆ ಎನ್‌ಎಫ್‌ಸಿ ಹೆಸರಿನಿಂದ ನೇರವಾಗಿ ತೆರೆಯಲು ಆಗುವುದಿಲ್ಲ. ಫೋಲ್ಡರಿನ ಹೆಸರುಗಳನ್ನೆಲ್ಲ ಓದಿ, ಎರಡೂ ಕಡೆ ಎನ್‌ಎಫ್‌ಸಿ ಮಾಡಿ ಹೋಲಿಸಿ, ತೆರೆಯುವಾಗ ಡಿಸ್ಕ್ ಕೊಟ್ಟ ಹೆಸರನ್ನೇ ಬಳಸಿ.

ನಾರ್ಮಲೈಸ್ ಮಾಡಿದ್ರೂ ‘ಮಾರ್ಕೆಟ್‌ದರ’ ಎರಡು ಸಲ ಬರ್ತಿದೆ.

‘ಟ್’ ಮತ್ತು ‘ದ’ ನಡುವೆ ಒಂದರಲ್ಲಿ ಕಾಣದ ಸಂಕೇತವಿದೆ, ಇನ್ನೊಂದರಲ್ಲಿ ಸಾದಾ ಖಾಲಿ ಜಾಗವೋ ಇನ್ನೇನೋ ಇರಬಹುದು. ಒತ್ತಕ್ಷರ ಆಗದಂತೆ ತಡೆಯುವ ಈ ಸಂಕೇತದ (ಸೊನ್ನೆ ಅಗಲದ ನಾನ್‌ಜಾಯಿನರ್) ಸಂಖ್ಯೆ 8204. ‘ರ‍್ಯಾಂಕ್’ನಂಥ ಪದಗಳಲ್ಲಿ ಬರುವ ಜಾಯಿನರ್‌ನದು 8205. ಎನ್‌ಎಫ್‌ಸಿ ಇವನ್ನು ತೆಗೆಯುವುದಿಲ್ಲ. ಇವನ್ನು ಹೆಸರಿನಿಂದ ಅಳಿಸಿಬಿಟ್ಟರೆ ‘ಟ್ದ’ ಎಂಬ ಒತ್ತು ಮೂಡಿ ಹೆಸರು ವಿಕಾರವಾಗುತ್ತದೆ. ಹೆಸರಿನಲ್ಲಿ ಇರಲಿ, ಹೋಲಿಸುವ ಕೀಲಿಯಲ್ಲಿ ಮಾತ್ರ ತೆಗೆಯಿರಿ.

ನಿಷಿದ್ಧ ಚಿಹ್ನೆಗಳನ್ನೆಲ್ಲ ಅಂಡರ್‌ಸ್ಕೋರ್ ಮಾಡಿದ್ರೆ ಸಾಕಲ್ವಾ?

ಮನುಷ್ಯರು ಓದಿ ಬಿಡುವ ವರದಿಯಾದರೆ ಸಾಕು. ಮತ್ತೆ ಮೂಲ ಹೆಸರು ಬೇಕಾದರೆ ಸಾಲದು: ‘ದರ:1’, ‘ದರ?1’ ಎರಡೂ ‘ದರ_1’ ಆಗಿ ಒಂದರ ಮೇಲೊಂದು ಬೀಳುತ್ತವೆ. ವಾಪಸ್ ತಿರುಗಿಸಬಲ್ಲ ಗುರುತು ಬೇಕು. ಪ್ರತಿ ನಿಷಿದ್ಧ ಚಿಹ್ನೆಯನ್ನು ‘%’ ಮತ್ತು ಅದರ ಮೂರಂಕಿ ಸಂಖ್ಯೆಯಾಗಿ ಬರೆಯಬಹುದು: ಕೋಲನ್ %058, ಪ್ರಶ್ನಾರ್ಥಕ %063, ನಕ್ಷತ್ರ %042, ನಿಂತ ಗೆರೆ %124. ‘%’ ಅನ್ನೇ %037 ಎಂದು ಮೊದಲು ಬದಲಿಸಬೇಕು, ಇಲ್ಲದಿದ್ದರೆ ತಿರುಗಿಸುವಾಗ ಗೊಂದಲ. ಈ ಹೆಸರುಗಳನ್ನು ಬ್ಯಾಚ್ ಫೈಲಿನಲ್ಲಿ ಬರೆಯಬೇಕಾದರೆ ಅಲ್ಲಿ ‘%’ ಜೋಡಿಯಾಗಿ ಹಾಕಬೇಕು.

ಕ್ರಮವೂ ಮುಖ್ಯ: ಮೊದಲು ಎನ್‌ಎಫ್‌ಸಿ, ಆಮೇಲೆ ಚಿಹ್ನೆಗಳ ಬದಲಾವಣೆ, ಕೊನೆಯ ಚುಕ್ಕಿ ಮತ್ತು ಖಾಲಿ ಜಾಗ, ಮೀಸಲು ಹೆಸರು, ಉದ್ದ, ಕಡೆಗೆ ಡಿಕ್ಕಿಯ ಪರೀಕ್ಷೆ. ಉದ್ದವನ್ನು ಮೊದಲೇ ನೋಡಿದರೆ %058 ಸೇರಿದ ಮೇಲೆ ಮತ್ತೆ ಮಿತಿ ಮೀರುತ್ತದೆ.

ವಿಂಡೋಸ್‌ನಲ್ಲಿ ಇಟ್ಟ ಉದ್ದ ಕನ್ನಡ ಹೆಸರು ಲಿನಕ್ಸ್‌ಗೆ ಕಾಪಿ ಆಗಲ್ಲ. ಉಲ್ಟಾ ತೊಂದರೆನೂ ಇದೆಯಾ?

ಇದೆ, ಅದೂ ಕನ್ನಡಕ್ಕೇ ಹೆಚ್ಚು. ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರಿಗೆ 255 ಯುಟಿಎಫ್-16 ಘಟಕ, ಕನ್ನಡದ ಒಂದು ಸಂಕೇತ ಒಂದು ಘಟಕ. ಎಕ್ಸ್ಟ್4ನಲ್ಲಿ 255 ಬೈಟ್, ಕನ್ನಡದ ಒಂದು ಸಂಕೇತಕ್ಕೆ ಮೂರು. ಅಂದರೆ ಅಲ್ಲಿ 255 ಸಂಕೇತ ಹಿಡಿಯುವ ಜಾಗದಲ್ಲಿ ಇಲ್ಲಿ 85. ಚುಕ್ಕಿ ಸೇರಿ ನಾಲ್ಕಕ್ಷರದ ಎಕ್ಸ್‌ಟೆನ್ಶನ್ ಕಳೆದರೆ ಉಳಿಯುವುದು 83. ಎರಡೂ ಕಡೆ ಓಡಬೇಕಾದ ಟೂಲ್ ಚಿಕ್ಕ ಮಿತಿಯನ್ನೇ ಪಾಲಿಸಬೇಕು.

ಕತ್ತರಿಸುವಾಗ ಬೈಟ್ ಎಣಿಸಿ ಕತ್ತರಿಸಬೇಡಿ, ಸಂಕೇತದ ಎಣಿಕೆಯೂ ಸಾಲದು. ‘ದುರ್ಗ’ದ ‘ರ’ ಆದಮೇಲೆ ಕತ್ತರಿಸಿದರೆ ‘ದುರ’ ಉಳಿಯುತ್ತದೆ, ಅದು ಬೇರೆಯೇ ಪದ. ಪೂರ್ತಿ ಅಕ್ಷರದ ಅಂಚಿನಲ್ಲೇ ನಿಲ್ಲಿಸಿ: ಮುಂದಿನ ಸಂಕೇತ ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಅಥವಾ ಹಲಂತವಾಗಿದ್ದರೆ, ಇಲ್ಲವೇ ಈಗಿನದೇ ಹಲಂತವಾಗಿದ್ದರೆ ಹಿಂದಕ್ಕೆ ಸರಿಯಿರಿ. ಕೊನೆಗೆ ಪೂರ್ಣ ಹೆಸರಿನ ಹ್ಯಾಶ್‌ನಿಂದ (ಹೆಸರಿನಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು) ಎಂಟು ಅಕ್ಷರ ಸೇರಿಸಿದರೆ ಒಂದೇ ರೀತಿ ಶುರುವಾಗುವ ಎರಡು ಉದ್ದ ಹೆಸರುಗಳು ಬೇರೆಯಾಗಿಯೇ ಉಳಿಯುತ್ತವೆ. ಆ ಎಂಟು ಬೈಟನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಿ ಪ್ರೋಗ್ರಾಂನಲ್ಲಿ ‘ಎಫ್‌ಓಪನ್’ಗೆ ಕನ್ನಡ ಹೆಸರು ಕೊಟ್ರೆ ವಿಂಡೋಸ್‌ನಲ್ಲಿ ತೆರೆಯಲ್ಲ.

ಅಲ್ಲಿ ‘ಎಫ್‌ಓಪನ್’ ಹೆಸರನ್ನು ಯಂತ್ರದ ಕೋಡ್ ಪೇಜ್‌ನಲ್ಲಿ ಓದುತ್ತದೆ, 1252ರಲ್ಲಿ ಕನ್ನಡವೇ ಇಲ್ಲ. ಎರಡು ದಾರಿ. ಯುಟಿಎಫ್-8 ಹೆಸರನ್ನು ‘ಮಲ್ಟಿಬೈಟ್‌ಟುವೈಡ್‌ಕ್ಯಾರ್’ನಿಂದ ಬದಲಿಸಿ ‘_ಡಬ್ಲ್ಯುಎಫ್‌ಓಪನ್’ಗೆ ಕೊಡುವುದು ಎಲ್ಲ ವಿಂಡೋಸ್‌ನಲ್ಲೂ ನಡೆಯುತ್ತದೆ. ವಿಂಡೋಸ್ 10ರ 1903 ಆವೃತ್ತಿಯಿಂದ ಮ್ಯಾನಿಫೆಸ್ಟ್‌ನಲ್ಲಿ ಸಕ್ರಿಯ ಕೋಡ್ ಪೇಜ್ ಯುಟಿಎಫ್-8 ಎಂದು ಬರೆದು ‘ಎಫ್‌ಓಪನ್’ ಅನ್ನೇ ಉಳಿಸಿಕೊಳ್ಳಬಹುದು. ಹಳೆಯ ಯಂತ್ರಗಳಿಗೂ ಕೊಡಬೇಕಾದ ಟೂಲಿಗೆ ಮೊದಲನೆಯದೇ ಸೂಕ್ತ.

ಮೇಕ್‌ಫೈಲ್‌ನಲ್ಲಿ ಸಿ ಡ್ರೈವ್ ದಾರಿ ಕೊಟ್ರೆ ‘ಮಲ್ಟಿಪಲ್ ಟಾರ್ಗೆಟ್ ಪ್ಯಾಟರ್ನ್ಸ್’ ಅಂತ ಬೈಯುತ್ತೆ.

ಮೇಕ್‌ಗೆ ಕೋಲನ್ ಎಂದರೆ ಗುರಿ ಮತ್ತು ಅವಲಂಬನೆಗಳ ನಡುವಿನ ಗಡಿ. ಡ್ರೈವಿನ ಕೋಲನ್ನನ್ನು ಸಿಗ್ವಿನ್‌ನ (ವಿಂಡೋಸ್‌ನಲ್ಲಿ ಲಿನಕ್ಸ್ ಮಾದರಿಯ ಟೂಲ್‌ಗಳನ್ನು ಕೊಡುವ ಪ್ಯಾಕೇಜ್) ಮೇಕ್ ಹಾಗೆಯೇ ಓದುತ್ತದೆ. ಮೇಕ್‌ಫೈಲ್ ಇರುವ ಫೋಲ್ಡರಿನಿಂದ ಸಾಪೇಕ್ಷ ದಾರಿಗಳನ್ನೇ ಬರೆಯಿರಿ. ಪೂರ್ಣ ದಾರಿ ಬೇಕೇ ಬೇಕಿದ್ದರೆ ‘ಸಿಗ್‌ಪಾತ್’ನಿಂದ ಬದಲಿಸಿ. ಹೆಸರಿನೊಳಗಿನ ಖಾಲಿ ಜಾಗವನ್ನು ಮೇಕ್ ಎಲ್ಲಿಯೂ ಚೆನ್ನಾಗಿ ನಿಭಾಯಿಸುವುದಿಲ್ಲ, ಲಿನಕ್ಸ್‌ನಲ್ಲೂ ಅಷ್ಟೇ.

ನನ್ನ ಹತ್ರ ವಿಂಡೋಸ್ ಯಂತ್ರ ಇಲ್ಲ. ಹೇಗೆ ಪರೀಕ್ಷಿಸಲಿ?

ಪಾತ್‌ಲಿಬ್‌ನ ‘ಪ್ಯೂರ್‌ವಿಂಡೋಸ್‌ಪಾತ್’ ಲಿನಕ್ಸ್‌ನಲ್ಲೇ ಓಡುತ್ತದೆ. ದಾರಿ ಒಡೆಯುವ, ಜೋಡಿಸುವ ಲೆಕ್ಕವನ್ನೆಲ್ಲ ಅದರಿಂದ ನೋಡಬಹುದು. ಫ್ಯಾಟ್32 ಪೆನ್‌ಡ್ರೈವನ್ನು ಲಿನಕ್ಸ್‌ಗೆ ಚುಚ್ಚಿ ಟೂಲಿನ ಔಟ್‌ಪುಟ್ ಅದಕ್ಕೆ ಬರೆಸಿದರೆ ನಿಷಿದ್ಧ ಚಿಹ್ನೆಗಳೂ ದೊಡ್ಡಕ್ಷರ ಸಣ್ಣಕ್ಷರದ ಡಿಕ್ಕಿಯೂ ಅಲ್ಲೇ ಸಿಗುತ್ತವೆ. ಮೀಸಲು ಹೆಸರು, 259ರ ಮಿತಿ, ಕೋಡ್ ಪೇಜ್ ಇವು ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಗಿಟ್‌ಹಬ್ ಆಕ್ಷನ್ಸ್‌ನ ವಿಂಡೋಸ್ ರನ್ನರ್ (ನಿಮ್ಮ ಕೋಡನ್ನು ಓಡಿಸಿ ನೋಡಲು ಗಿಟ್‌ಹಬ್ ಒದಗಿಸುವ ವಿಂಡೋಸ್ ಯಂತ್ರ) ಬಳಸಿ.

ಪರೀಕ್ಷೆಗೆ ಕೊಡಬೇಕಾದ ಹೆಸರುಗಳು: ಎನ್‌ಕೋಡಿಂಗ್‌ಗೆ ‘ಚಿತ್ರದುರ್ಗ’, ಸದ್ದಿಲ್ಲದ ಗೋಜಲಿಗೆ ‘ಹರಿಹರ’, ಎರಡೂ ರೂಪದ ‘ಮೊಳಕಾಲ್ಮೂರು’ (11 ಮತ್ತು 12 ಸಂಕೇತ), ಕೋಲನ್ ಇರುವ ‘ದರ 10:30’, ಕೊನೆಗೆ ಚುಕ್ಕಿಯ ‘ಹರಿಹರ ತಾ.’, ಸಿ-ಒ-ಎನ್, 90 ಸಂಕೇತ ಮೀರಿದ ಒಂದು ಕನ್ನಡ ಹೆಸರು. ಪ್ರತಿಯೊಂದನ್ನೂ ಬರೆದು, ಫೋಲ್ಡರ್ ಓದಿ, ಸಿಕ್ಕ ಹೆಸರನ್ನು ಮೂಲಕ್ಕೆ ತಿರುಗಿಸಿ ಹೋಲಿಸಬೇಕು. ಬರೆಯುವಾಗ ಎರರ್ ಬರಲಿಲ್ಲ ಎಂಬುದನ್ನು ಪಾಸ್ ಎಂದು ಎಣಿಸಬೇಡಿ.